ಚಿಮ್ಮಿ ಹೆದರುವುದನ್ನು ಬಿಟ್ಟದ್ದು

ಜೂನ್ 4

ಮರೀ,

ನೀನು ಹೋಗಿ ಹನ್ನೆರಡು ದಿನವಾಯಿತು. ತಲುಪಿದೆ ಅಂತ ಒಂದು ಸಾಲು ಬರೆಯಲು ಏನು ಕಷ್ಟ ಅಂತ ನನಗೆ ಅರ್ಥವಾಗಲಿಲ್ಲ. ಫೋನ್ ಮಾಡಿದರೆ "ಹ್ಞೂಂ, ಹ್ಞೂಂ, ಆಮೇಲೆ ಮಾಡ್ತೀನಿ" ಅನ್ನುತ್ತೀಯ. ಆ ಹ್ಞೂಂನಲ್ಲಿ ನಾನು ಏನಂತ ತಿಳಿದುಕೊಳ್ಳಲಿ? ಅದಕ್ಕೇ ಕಾಗದ. ಕಾಗದವಾದರೆ ನೀನು ಮಧ್ಯದಲ್ಲೇ ಇಟ್ಟುಬಿಡುವ ಹಾಗಿಲ್ಲ. ಇಡಬಹುದು, ಆದರೆ ನನಗೆ ಗೊತ್ತಾಗುವುದಿಲ್ಲ.

ಕೋಣೆ ಎಷ್ಟನೇ ಮಹಡಿ? ಕಿಟಕಿಗೆ ಸರಳು ಇದೆಯಾ? ಲಿಫ್ಟ್ ಇದ್ದರೆ ಒಬ್ಬನೇ ಹತ್ತಬೇಡ. ಮೂವತ್ತೊಂದು ವರ್ಷದವನಿಗೆ ಇದನ್ನು ಹೇಳಬೇಕಾ ಅಂತ ನೀನು ಮುಖ ಮಾಡುವುದು ಇಲ್ಲಿಗೇ ಕಾಣುತ್ತಿದೆ.

ನಿಮ್ಮ ಕಾರ್ಟೂನ್ ಕಂಪನಿಯಿಂದ ಒಪ್ಪಂದದ ಕಾಗದ ಬಂದಿದೆ, ಇಪ್ಪತ್ತೆರಡು ಹಾಳೆ. ನಾಲ್ಕು ಶಾಲೆಗಳಲ್ಲಿ ತುಂಡು ತುಂಡಾಗಿ ಎಂಟನೇ ಕ್ಲಾಸಿನವರೆಗೆ ಓದಿದವಳಿಗೆ ಅದರಲ್ಲಿ "ಇದರನ್ವಯ" ದಾಟಿ ಮುಂದೆ ಹೋಗಲಾಗಲಿಲ್ಲ. ಕೆಳಗಿನ ಸೈಕಲ್ ರಿಪೇರಿಯವರು ಕೈ ತೊಳೆದುಕೊಂಡು ಬಂದು, ಕನ್ನಡಕ ಹಾಕಿಕೊಂಡು ಓದಿದರು. ಅವರಿಗೆ ತಿಳಿದದ್ದು ಇಷ್ಟು: ಸಹಿ ಬಿದ್ದ ಮೇಲೆ ಟೀವಿಯ ಚಿಮ್ಮಿ ಏನು ಮಾಡಬೇಕು, ಏನು ಆಡಬೇಕು ಅನ್ನುವುದೆಲ್ಲ ಕಂಪನಿಯ ಇಷ್ಟ. "ಅಕ್ಕಾವ್ರೇ, ಮಗಳನ್ನ ಕೊಟ್ಟ ಮೇಲೆ ಅವರ ಮನೆ ಅಡುಗೆಗೆ ಉಪ್ಪು ಎಷ್ಟು ಅಂತ ನೀವು ಹೇಳಕ್ಕಾಗಲ್ಲ" ಅಂದರು.

ಅವತ್ತಿನಿಂದ ನನಗೆ ಸಂಕಟ. ಹದಿನಾಲ್ಕು ವರ್ಷ ವಾರಪತ್ರಿಕೆಯ ಕೊನೆಯ ಪುಟದಲ್ಲಿ ಅವಳ ಚಿತ್ರ ಬರೆದಿದ್ದೇನೆ. ಹದಿನೈದು ವರ್ಷದ ಹುಡುಗಿ, ಒಂದೇ ನೆಗೆತಕ್ಕೆ ಎಂಟು ಮಹಡಿ ಚಿಮ್ಮುತ್ತಾಳೆ. ಆದರೆ ಚಿಮ್ಮುವ ಮೊದಲು ತಾರಸಿಯ ಅಂಚಿನಲ್ಲಿ ನಿಂತು ಅರ್ಧ ಪುಟ ಹೆದರುತ್ತಾಳೆ. ಓದುವವರು ಪತ್ರಿಕೆ ತಿರುಗಿಸಿ ಹಿಡಿಯುವುದೇ ಆ ಅರ್ಧ ಪುಟಕ್ಕೆ. ಅದು ಟೀವಿಯಲ್ಲೂ ಇರುತ್ತದೆ ಅಂತ ನೀನು ಬರೆದು ಕಳಿಸು, ಆ ದಿನವೇ ಸಹಿ ಹಾಕುತ್ತೇನೆ. ನನ್ನ ಸಹಿ ಇಲ್ಲದಿದ್ದರೆ ಧಾರಾವಾಹಿ ಇಲ್ಲ, ಧಾರಾವಾಹಿ ಇಲ್ಲದಿದ್ದರೆ ಅಲ್ಲಿ ನಿನ್ನ ಕೆಲಸವಿಲ್ಲ, ಅದೂ ನನಗೆ ಗೊತ್ತಿದೆ. ಗೊತ್ತಿದ್ದೇ ಕೇಳುತ್ತಿದ್ದೇನೆ.

ಮೊದಲ ಕಂತಿಗೆ ಅಂತ ಹನ್ನೆರಡು ಹಾಳೆ ಚಿತ್ರ ಪಾರ್ಸೆಲ್ ಮಾಡಿದ್ದೇನೆ. ಯಾವಾಗಲಿನ ಹಾಗೆ ಮಾತಿನ ಗುಳ್ಳೆಗಳನ್ನು ಖಾಲಿ ಬಿಟ್ಟಿದ್ದೇನೆ. ಚಿತ್ರ ನನ್ನದು, ಮಾತು ನಿನ್ನದು, ಒಬ್ಬರದರ ಬಗ್ಗೆ ಇನ್ನೊಬ್ಬರು ಕೇಳಬಾರದು ಅಂತ ಮೊದಲ ತಿಂಗಳೇ ಜಗಳವಾಡಿ ಮಾಡಿಕೊಂಡ ಕರಾರಲ್ಲವೇ. ಸೋಮವಾರ ನಾನು ಹಾಳೆ ಕೊಟ್ಟರೆ ಮಂಗಳವಾರ ನೀನು ಪ್ರೆಸ್ಸಿನಲ್ಲಿ ಕೂತು ತುಂಬುತ್ತಿದ್ದೆ. ಚಿಮ್ಮಿ ಏನಂದಳು ಅಂತ ಅವಳನ್ನು ಬರೆದ ನನಗೇ ಶುಕ್ರವಾರ ಪತ್ರಿಕೆ ಬಂದ ಮೇಲೆ ತಿಳಿಯುತ್ತಿತ್ತು. ಇನ್ನು ಪತ್ರಿಕೆಗೆ ಯಾರು ತುಂಬುತ್ತಾರೋ. ಸಂಪಾದಕರು ಹುಡುಕುತ್ತೇನೆ ಅಂದಿದ್ದಾರೆ, ಅವರು ಹುಡುಕುವುದು ನಿನಗೆ ಗೊತ್ತಲ್ಲ, ಕನ್ನಡಕ ತಲೆಯ ಮೇಲಿದ್ದರೂ ಸಿಗುವುದಿಲ್ಲ.

ನಿನ್ನ ಅಕ್ಕ


ಜೂನ್ 17

ಅಕ್ಕಾ,

ತಲುಪಿದ್ದೇನೆ. ಮೂರನೇ ಮಹಡಿ. ಸರಳು ಇದೆ. ಲಿಫ್ಟ್ ಕೆಟ್ಟು ನಿಂತಿದೆ, ಸಮಾಧಾನವಾಯಿತಾ?

ಉದ್ದನೆಯ ಹಾಲ್, ನಲವತ್ತು ಮೇಜು. ಒಬ್ಬರು ಕಣ್ಣು ಮಾತ್ರ ಬರೆಯುತ್ತಾರೆ, ಒಬ್ಬರು ಬಾಯಿ ಮಾತ್ರ. ಚಿಮ್ಮಿಯ ಜಡೆಗೇ ಒಬ್ಬರಿದ್ದಾರೆ, ಬೆಳಗ್ಗೆಯಿಂದ ಸಂಜೆಯವರೆಗೆ ಜಡೆ. ಮನೆಗೆ ಹೋಗಿ ಹೆಂಡತಿಯ ತಲೆ ನೋಡಿದರೂ ಎಣಿಸಬೇಕು ಅನಿಸುತ್ತದಂತೆ. ನನ್ನದು ಮಾತಿನ ಕೆಲಸ, ಕಥೆ ಹೇಗೆ ಸಾಗಬೇಕು ಅನ್ನುವುದೂ ನನ್ನ ಮೇಜಿಗೆ ಬರುತ್ತದೆ. ಒಂದು ಕಂತಿಗೆ ಹನ್ನೊಂದು ನಿಮಿಷ. ಇಲ್ಲಿ ಮಾತು ಬಾಯಲ್ಲೇ ಬರುವುದರಿಂದ ಗುಳ್ಳೆ ಬೇಕಾಗಿಲ್ಲ.

ಬೇಕಾಗಿರುವುದು ಎರಡು. ಒಂದು, ಚಿಮ್ಮಿಯನ್ನು ಹಿಂದಿನಿಂದ ನೋಡಿದರೆ ಹೇಗಿರುತ್ತಾಳೆ ಅಂತ. ಇನ್ನೊಂದು, ಅವಳ ತರಗತಿಯ ಒಳಗೆ ಏನೇನಿದೆ ಅಂತ. ಹದಿನಾಲ್ಕು ವರ್ಷದಲ್ಲಿ ಅವಳು ಒಮ್ಮೆಯೂ ಕ್ಲಾಸಿನೊಳಗೆ ಕೂತಿಲ್ಲವಂತೆ, ಶಾಲೆ ಬಂದಾಗಲೆಲ್ಲ ವರಾಂಡದಲ್ಲೇ ಇರುತ್ತಾಳಂತೆ. ನಿರ್ದೇಶಕರು ಎಲ್ಲ ಸಂಚಿಕೆ ತಿರುವಿ ನೋಡಿ ನನ್ನನ್ನು ಕೇಳಿದರು. ನನಗೂ ಅವತ್ತೇ ಗೊತ್ತಾದದ್ದು.

ಭಯದ ವಿಷಯ ಕೇಳಿದ್ದೀಯ. ಎಲ್ಲ ಇರುತ್ತದೆ. ಸಹಿ ಹಾಕಿ ಕಳಿಸು.

ತಮ್ಮ


ಜೂನ್ 25

ಮರೀ,

"ಎಲ್ಲ ಇರುತ್ತದೆ" ಅಂದರೇನು? ಎಲ್ಲ ಅನ್ನುವುದರಲ್ಲಿ ಯಾವುದೂ ಇರುವುದಿಲ್ಲ. ಮನೆ ಖಾಲಿ ಮಾಡುವಾಗ ಅಪ್ಪ "ಎಲ್ಲ ತಗೊಂಡಾಯ್ತು" ಅನ್ನುತ್ತಿದ್ದರು, ಪ್ರತಿ ಸಲವೂ ಏನಾದರೊಂದು ಹಿಂದೆ ಉಳಿಯುತ್ತಿತ್ತು. ಅಂಚಿನಲ್ಲಿ ನಿಂತು ಹೆದರುವುದು ಇರುತ್ತದೋ ಇಲ್ಲವೋ, ಅಷ್ಟು ಬರೆ. ಬಾಯಲ್ಲಿ ಬರುವ ಮಾತು ಬಾಯಲ್ಲಿ ಬರಲಿ. ಮನಸ್ಸಿನಲ್ಲಿ ಬರುವುದಕ್ಕೆ ಟೀವಿಯಲ್ಲಿ ಜಾಗ ಎಲ್ಲಿ?

ತರಗತಿಯ ವಿಷಯ. ಚಿಮ್ಮಿ ಒಂಬತ್ತನೇ ಕ್ಲಾಸು. ನಾನು ಒಂಬತ್ತನೇ ಕ್ಲಾಸಿನೊಳಗೆ ಕಾಲಿಟ್ಟವಳೇ ಅಲ್ಲ. ಅಪ್ಪ ಸೇತುವೆ ಕೆಲಸದ ಮೇಸ್ತ್ರಿ, ಸೇತುವೆ ಮುಗಿದರೆ ನನ್ನ ಶಾಲೆಯೂ ಮುಗಿಯಿತು. ನಾಲ್ಕನೆಯ ಸೇತುವೆಯ ಹತ್ತಿರ ಅಮ್ಮನೂ ಹೋದಳು, ನಿನ್ನನ್ನು ಎತ್ತಿಕೊಳ್ಳುವವರು ಬೇಕಿತ್ತು. ಗೊತ್ತಿಲ್ಲದ್ದನ್ನು ಹೇಗೆ ಬರೆಯಲಿ, ಅದಕ್ಕೇ ಚಿಮ್ಮಿ ವರಾಂಡ. ಯಾರೂ ಗಮನಿಸಿಲ್ಲ ಅಂದುಕೊಂಡಿದ್ದೆ.

ಈಗ ವಿಧಿಯಿಲ್ಲದೆ ಪೋಸ್ಟಾಫೀಸಿನ ಹಿಂದಿನ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿ ಒಳ್ಳೆಯವರು, ಕೊನೆಯ ಬೆಂಚಿನಲ್ಲಿ ಕೂತು ಬರೆದುಕೊಳ್ಳಿ ಅಂದರು. ಪಾಠದ ಮೇಡಮ್ಮಿಗೆ ಮಾತ್ರ ಯಾರೂ ತಿಳಿಸಿರಲಿಲ್ಲ. ನನ್ನನ್ನು ತಪಾಸಣೆಗೆ ಬಂದವಳು ಅಂದುಕೊಂಡು ಪಾಪ ಗಂಟಲು ಹರಿಯುವ ಹಾಗೆ ತ್ರಿಕೋನ ಹೇಳಿದರು. ಹುಡುಗಿಯರೂ ಬೆನ್ನು ನೆಟ್ಟಗೆ ಮಾಡಿ ಕೂತರು. ನಾನು ಬೆವರುತ್ತಾ ಕಪಾಟು, ಬೋರ್ಡು, ಕಸದ ಬುಟ್ಟಿ ಬರೆದುಕೊಂಡೆ. ಎಂಟನೇ ಕ್ಲಾಸಿನ ಹಾಗೇ ಇದೆ ಮರೀ. ಇಷ್ಟಕ್ಕೆ ಹದಿನಾಲ್ಕು ವರ್ಷ ಅವಳನ್ನು ಹೊರಗೆ ನಿಲ್ಲಿಸಿದ್ದೆ. ಚಿತ್ರ ಇಟ್ಟಿದ್ದೇನೆ. ಬೆನ್ನಿನದೂ ಇದೆ, ಎಂಟು ಸಲ ಹರಿದು ಬರೆದದ್ದು.

ಪತ್ರಿಕೆಗೆ ಮಾತು ಬರೆಯಲು ಒಬ್ಬ ಹೊಸಬಳು ಸಿಕ್ಕಿದ್ದಾಳೆ. ಹೇಗೋ ನಡೆಯುತ್ತದೆ.

ನಿನಗೆ ಅಲ್ಲಿ ಹೆದರಿಕೆಯಾದರೆ ಯಾರ ಹತ್ತಿರ ಹೇಳಿಕೊಳ್ಳುತ್ತೀಯ? ನೀನು ಬಾಯಿಬಿಡದಿದ್ದರೂ ನಿನ್ನ ಸ್ವಭಾವ ನನಗೆ ಗೊತ್ತು. ವಾರವಾರ ಓದಿದ್ದೇನಲ್ಲ.

ಅಕ್ಕ


ಜುಲೈ 21

ಅಕ್ಕಾ,

ಇದನ್ನು ಓದಿ ನಗಬೇಡ, ನನಗೆ ನಗು ಬಂದಿಲ್ಲ.

ನೀನು ಮೊದಲು ಕಳಿಸಿದ ಹನ್ನೆರಡು ಹಾಳೆಗಳು ನನ್ನ ಮೇಜಿಗೆ ಬರದೆ ನೇರ ಬಣ್ಣದ ವಿಭಾಗಕ್ಕೆ ಹೋಗಿಬಿಟ್ಟಿದ್ದವು. ಅಲ್ಲಿನವರು ನಮ್ಮ ಪತ್ರಿಕೆ ಕಂಡವರಲ್ಲ. ಚಿಮ್ಮಿಯ ತಲೆಯ ಮೇಲೆ ಏನೂ ಬರೆಯದ ದೊಡ್ಡ ಬಿಳಿ ಗುಳ್ಳೆಗಳು. ಮೋಡ ಅಂದುಕೊಂಡರು. ನೀಟಾಗಿ ನೆರಳು ಹಾಕಿ, ಅಂಚಿಗೆ ತಿಳಿನೀಲಿ ಕೊಟ್ಟು, ಅವಳು ಹೋದಲ್ಲೆಲ್ಲ ಹಿಂದೆ ಬರುವ ಹಾಗೆ ಮಾಡಿದರು. ನಿನ್ನೆ ಎಲ್ಲರೂ ಕೂತು ನೋಡುತ್ತಿದ್ದೇವೆ: ಚಿಮ್ಮಿ ತಾರಸಿಯಿಂದ ಹಾರಿದಳು, ಹಿಂದೆ ನಾಲ್ಕು ಮೋಡ ಹಾರಿದವು. ಚಿಮ್ಮಿ ಮೆಟ್ಟಿಲಿಳಿದಳು, ಮೋಡಗಳೂ ಸಾಲಾಗಿ ಮೆಟ್ಟಿಲಿಳಿದವು. ಬಾಗಿಲಲ್ಲಿ ಒಂದು ಸಿಕ್ಕಿಕೊಂಡಿತು. ನಿರ್ದೇಶಕರು ಬಹಳ ಮರ್ಯಾದೆಯಿಂದ ನನ್ನ ಕಡೆ ಬಗ್ಗಿ, "ಇವು ಅವಳು ಸಾಕಿರೋದಾ?" ಅಂತ ಕೇಳಿದರು.

ಅವನ್ನು ಅಳಿಸುವುದಕ್ಕೆ ಮೂರು ವಾರದ ಕೆಲಸ. ಕೈಮುಗಿಯುತ್ತೇನೆ, ಇನ್ನು ಗುಳ್ಳೆ ಬರೆಯಬೇಡ.

ಇನ್ನೊಂದು ವಿಷಯ. ಹನ್ನೊಂದು ನಿಮಿಷದಲ್ಲಿ ಅರ್ಧ ಪುಟದ ಯೋಚನೆ ಹಿಡಿಯುವುದಿಲ್ಲ. ಟೀವಿಯ ಚಿಮ್ಮಿ ಓಡಿ ಬಂದವಳೇ ಜಿಗಿಯುತ್ತಾಳೆ. ಇಲ್ಲಿ ಹಾಗೆ ತೀರ್ಮಾನವಾಗಿದೆ.

ಪತ್ರಿಕೆ ಇಲ್ಲಿಗೂ ಬರುತ್ತದೆ, ಆ ಹೊಸಬಳ ಮಾತು ಓದಿದೆ. ಸಾಲಿಗೆ ಮೂರು ತಪ್ಪು. ಹೋದ ವಾರ ಒಂದೇ ಗುಳ್ಳೆಯಲ್ಲಿ ಆರು ಚಿಂತೆ. ಚಿಮ್ಮಿ ಕಾಪಾಡಬೇಕಾದವರು ಬೆಂಕಿ ಬಿದ್ದ ಮಹಡಿಯಲ್ಲಿ ಅಷ್ಟು ಹೊತ್ತು ಕಾಯಬೇಕೇ? ಸಂಪಾದಕರಿಗೆ ಹೇಳಿ ಬೇರೆಯವರನ್ನು ನೋಡು.

ತಮ್ಮ


ಜುಲೈ 29

ತಮ್ಮನಿಗೆ,

ತೀರ್ಮಾನವಾಗಿದೆ ಅಂತ ಬರೆದಿದ್ದೀಯ. ತಾನಾಗಿ ಏಳುವುದಕ್ಕೆ ತೀರ್ಮಾನವೇನು ಮೊಡವೆಯೇ? ಮಾಡಿದವರು ಒಬ್ಬರಿರಬೇಕು. ಆ ನಿರ್ದೇಶಕರೇ ಅಂತ ನನಗೆ ಗೊತ್ತು. ನೀನು ದಾಕ್ಷಿಣ್ಯದವನು, ಎದುರಿಗೆ ನಿಂತು ಬೇಡ ಅನ್ನಲಾರೆ. ಅದಕ್ಕೇ ನಾನೇ ಅವರಿಗೆ ಒಂದು ಕಾಗದ ಬರೆದು ಇದರೊಳಗೆ ಇಟ್ಟಿದ್ದೇನೆ, ಕೈಗೆ ಕೊಡು. ನೀನು ಓದಬೇಕಾಗಿಲ್ಲ, ಆದರೂ ಓದುತ್ತೀಯ, ಅದರಲ್ಲಿರುವುದು ಇಷ್ಟೇ: ಹೆದರದವಳು ಜಿಗಿದರೆ ಅದರಲ್ಲೇನಿದೆ? ಚೆಂಡೂ ಜಿಗಿಯುತ್ತದೆ.

ಒಪ್ಪಂದ ಕಪಾಟಿನಲ್ಲಿದೆ. ಪೆನ್ನೂ ಪಕ್ಕದಲ್ಲೇ ಇದೆ. ನಾನು ಹಾಕುತ್ತಿಲ್ಲ.

ನೀನು ಹೇಳಿದ್ದನ್ನು ಹೊಸಬಳಿಗೆ ತಿಳಿಸಿದೆ. ಬೇಜಾರು ಮಾಡಿಕೊಂಡಳು. ಕೆಲಸ ಬಿಡುವುದಿಲ್ಲವಂತೆ.

ಅಕ್ಕ


ಆಗಸ್ಟ್ 11

ಅಕ್ಕಾ,

ನಿರ್ದೇಶಕರಿಗೆ ನೀನು ಬರೆದ ಕಾಗದ ಕೊಟ್ಟಿಲ್ಲ. ಕೊಟ್ಟರೆ ಅವರು ತಬ್ಬಿಬ್ಬಾಗುತ್ತಾರೆ. ಚಿಮ್ಮಿ ಹೆದರಲಿ, ಅದಕ್ಕೆ ಒಂದು ನಿಮಿಷ ಬಿಡೋಣ ಅಂದವರೇ ಅವರು. ಬೇಡ ಅಂದವನು ನಾನು.

ಪೂರ್ತಿ ಓದಿ ಆಮೇಲೆ ಸಿಟ್ಟು ಮಾಡು.

ನೀನು ಯಾವಾಗಲೂ ಗುಳ್ಳೆಯನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಬರೆಯುತ್ತೀಯ, ಜಾಗ ಸಾಲದೆ ಹೋದರೆ ಅಂತ. ಮೊದಲ ವಾರ ನಾನು ಅದರಲ್ಲಿ "ಜಿಗಿಯುತ್ತೇನೆ" ಅಂತ ಒಂದು ಪದ ಬರೆದೆ. ಬಯಲಿನಲ್ಲಿ ಒಂಟಿ ಕುರ್ಚಿ ಇಟ್ಟ ಹಾಗಿತ್ತು. ಪ್ರೆಸ್ಸಿನವರು ಮಿಕ್ಕಿದ್ದೆಲ್ಲಿ ಅಂದರು. ನನಗೆ ಹದಿನೇಳು ವರ್ಷ, ಏನೂ ಹೊಳೆಯಲಿಲ್ಲ. ಬೆಳಗ್ಗೆ ಹೊರಡುವಾಗ ನೀನು ಬಾಗಿಲಲ್ಲಿ ನಿಂತು ಹೇಳಿದ್ದನ್ನೆಲ್ಲ ತುಂಬಿಬಿಟ್ಟೆ. ಬೀಗ ಹಾಕಿದೆನೋ ಇಲ್ಲವೋ, ಬಿದ್ದರೆ ಯಾರಿಗೆ ತಿಳಿಸುವುದು, ಹಿಡಿದ ಕೈ ಬೆವೆತು ಜಾರಿದರೆ, ಜಾರದೆ ಹಾಗೇ ಅಂಟಿಕೊಂಡರೆ. ಅಳತೆ ಮಾಡಿಸಿದ ಹಾಗೆ ಕೂತಿತು. ಮುಂದಿನ ವಾರ ಓದುಗರ ಕಾಗದ ಬಂದವು. ಅಲ್ಲಿಂದ ಅದೇ ನಡೆಯಿತು.

ಚಿಮ್ಮಿಯ ಭಯ ನಾನು ಕಟ್ಟಿದ್ದಲ್ಲ, ನೀನು ಆಡಿದ್ದನ್ನು ಬರೆದುಕೊಂಡದ್ದು. ಮನೆಯಲ್ಲಿ ಅದನ್ನು ಕೇಳು, ಪ್ರೆಸ್ಸಿಗೆ ಹೋಗಿ ಅದನ್ನೇ ಬರೆ, ಮನೆಗೆ ಬಂದು ಮತ್ತೆ ಅದನ್ನೇ ಕೇಳು. ಹದಿನಾಲ್ಕು ವರ್ಷ. ನನಗೆ ಸಾಕಾಗಿತ್ತು ಅಕ್ಕಾ. ಒಂದೇ ಒಂದು ಸಲ ಅವಳು ತಿರುಗಿ ನೋಡದೆ ಹಾರುವುದನ್ನು ನೋಡಬೇಕಿತ್ತು. ಅದಕ್ಕೇ ಇಷ್ಟು ದೂರ ಬಂದೆ ಅಂದರೂ ಸುಳ್ಳಲ್ಲ. ನನ್ನ ಸ್ವಭಾವ ಗೊತ್ತು ಅಂತ ಬರೆಯುತ್ತೀಯ. ಗೊತ್ತಿಲ್ಲ. ನಾನು ಹೆದರುವವನಲ್ಲ.

ತಿಂಗಳ ಕೊನೆಯೊಳಗೆ ಸಹಿ ಬರದಿದ್ದರೆ ಇಲ್ಲಿ ಬೇರೆ ಕಥೆ ತೆಗೆದುಕೊಳ್ಳುತ್ತಾರೆ. ಇನ್ನು ನಿನ್ನಿಷ್ಟ.

ತಮ್ಮ


ಆಗಸ್ಟ್ 26

ಮರೀ,

ನಾಲ್ಕು ಕಾಗದ ಬರೆದು ಹರಿದೆ, ಇದು ಐದನೆಯದು. ಮೊದಲನೆಯದರಲ್ಲಿ ಬರೀ ಬೈಗುಳ ಇತ್ತು, ಚೆನ್ನಾಗಿತ್ತು, ಈಗ ಹರಿಯಬಾರದಿತ್ತು ಅನಿಸುತ್ತದೆ.

ಬೈದು ಮುಗಿದ ಮೇಲೆ ಹಳೆಯ ಸಂಚಿಕೆಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಕೂತೆ. ಮೂರು ದಿನ ನೆಲದ ಮೇಲೆ ಮಲಗಿದೆ. ನೀನು ಹೇಳಿದ್ದು ನಿಜ. ಅದು ನನ್ನದೇ ಮಾತು. ಆದರೆ ನಿನಗೆ ಗೊತ್ತಿಲ್ಲದ್ದು ಒಂದಿದೆ. ಅದು ನನ್ನದು ಅಂತ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ತನ್ನ ಗೊರಕೆ ತನಗೆ ಕೇಳಿಸುತ್ತದೆಯೇ? ನಾನು ಅದೆಲ್ಲ ನಿನ್ನದು ಅಂದುಕೊಂಡಿದ್ದೆ. ಹುಡುಗ ತಾಯಿಯಿಲ್ಲದೆ ಬೆಳೆದವನು, ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಹೊಟ್ಟೆಯಲ್ಲಿರುವುದನ್ನು ಗುಳ್ಳೆಯಲ್ಲಿ ಹೇಳಿಕೊಳ್ಳುತ್ತಾನೆ ಅಂತ.

ಶುಕ್ರವಾರ ಓದುತ್ತಿದ್ದೆ. ಅಯ್ಯೋ, ಇವನಿಗೆ ಬೀಗದ ಭಯ ಇದೆ ಅಂತ, ಶನಿವಾರದಿಂದ ನಿನ್ನ ಕಣ್ಣೆದುರಿಗೇ ಬೀಗವನ್ನು ಎರಡೆರಡು ಸಲ ಎಳೆದು ತೋರಿಸುತ್ತಿದ್ದೆ. ನೀನು ಅದನ್ನು ನೋಡಿ ಮಂಗಳವಾರ ಮತ್ತೆ ಬೀಗದ ವಿಷಯ ಬರೆಯುತ್ತಿದ್ದೆ. ಶುಕ್ರವಾರ ನಾನು ಮತ್ತೆ ಓದಿ, ಇನ್ನೂ ಹೋಗಿಲ್ಲವಲ್ಲ ಇವನ ಭಯ ಅಂತ ಮೂರು ಸಲ ಎಳೆಯುತ್ತಿದ್ದೆ. ಬಾಗಿಲಿನ ಕೊಂಡಿ ಸುಮ್ಮನೆ ಸಡಿಲವಾಯಿತೇ? ಒಬ್ಬರನ್ನೊಬ್ಬರು ಕೇಳಬಾರದು ಅಂತ ಅದೇನು ಘನಂದಾರಿ ಕರಾರು ಮಾಡಿಕೊಂಡೆವೋ. ಯಾರಾದರೂ ಒಬ್ಬರು ಕೇಳಿದ್ದರೆ ಚಿಮ್ಮಿಗೆ ಎರಡನೇ ತಿಂಗಳಿಗೇ ಧೈರ್ಯ ಬಂದುಬಿಡುತ್ತಿತ್ತು. ಮೂರನೇ ತಿಂಗಳಿಗೆ ಪತ್ರಿಕೆಯವರು ನಿಲ್ಲಿಸಿಬಿಡುತ್ತಿದ್ದರು, ಅದು ಬೇರೆ.

ಇಪ್ಪತ್ತೆರಡು ಹಾಳೆಗೂ ಸಹಿ ಹಾಕಿದ್ದೇನೆ. ನನ್ನ ಷರತ್ತು ಏನೂ ಇಲ್ಲ. ಅಲ್ಲಿರುವವಳು ನಿನ್ನವಳು, ತಿರುಗಿ ನೋಡದೆ ಜಿಗಿಯಲಿ. ಇಲ್ಲಿರುವವಳು ಹೆದರಿಕೊಂಡೇ ಇರುತ್ತಾಳೆ, ಯಾಕೆಂದರೆ ಆ ಹೊಸಬಳು ನಾನೇ. ಸಂಪಾದಕರು ಯಾರನ್ನೂ ಹುಡುಕಲಿಲ್ಲ. "ನೀವೇ ಬರೀರಿ, ನಾನು ತಿದ್ತೀನಿ" ಅಂದರು, ತಿದ್ದುವುದೂ ಇಲ್ಲ. ಸಾಲಿಗೆ ಮೂರು ತಪ್ಪು ಅಂತ ನೀನು ಬರೆದದ್ದನ್ನು ಎಣಿಸಿ ನೋಡಿದೆ, ಎರಡೇ ಇದ್ದವು.

ನೀನು ಹೆದರುವವನಲ್ಲ ಅಂದಿದ್ದೀಯ. ನಂಬಿದೆ. ಇನ್ನು ಕಿಟಕಿ, ಮಹಡಿ ಅಂತ ಕೇಳಿ ಪೀಡಿಸುವುದಿಲ್ಲ.

ಅಕ್ಕ


ನವೆಂಬರ್ 15

ಅಕ್ಕಾ,

ಎರಡೂವರೆ ತಿಂಗಳಾಯಿತು. ಸಹಿ ಬಂತು, ಆಮೇಲೆ ಒಂದು ಕಾಗದವಿಲ್ಲ. ಫೋನ್ ಮಾಡಿದರೆ "ಹ್ಞೂಂ, ಚೆನ್ನಾಗಿದೀನಿ" ಅಂತ ಇಡುತ್ತೀಯ. ಪೀಡಿಸುವುದಿಲ್ಲ ಅಂದರೆ ಬರೆಯುವುದೇ ಇಲ್ಲ ಅಂತ ಅರ್ಥವೇ? ನಿನ್ನ ಹತ್ತಿರ ಯಾವುದೂ ಅರ್ಧ ಇರುವುದಿಲ್ಲ, ಸುರಿದರೆ ಕೊಡ, ನಿಂತರೆ ಒಣ ನಲ್ಲಿ.

ತಪ್ಪುಗಳ ಬಗ್ಗೆ ಹಾಗೆ ಬರೆಯಬಾರದಿತ್ತು. ಕೆಲವು ಸಾಲು ಚೆನ್ನಾಗಿದ್ದವು, ಅದನ್ನು ಅವಾಗ ಬರೆಯಲಿಲ್ಲ. ನಿರ್ದೇಶಕರು ಒಂದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿದ್ದಾರೆ.

ಚಿಮ್ಮಿಗೆ ದನಿ ಕೊಡುವ ಹುಡುಗಿ ಜಿಗಿಯುವ ಜಾಗಕ್ಕೆ ಬಂದಾಗ "ಸಾರ್, ಇಲ್ಲಿ ಇವಳ ಮನಸ್ಸಲ್ಲಿ ಏನಿದೆ?" ಅಂತ ಕೇಳಿದಳು. ಏನೂ ಇಲ್ಲ ಅಂದೆ. ಹನ್ನೆರಡು ಸಲ ಹೇಳಿಸಿದೆವು. ಸರಿಬರಲಿಲ್ಲ, ಕೊನೆಗೆ ಬರೀ ಗಾಳಿಯ ಸದ್ದು ಹಾಕಿದ್ದೇವೆ.

ಡಿಸೆಂಬರ್ 12, ಬೆಳಗ್ಗೆ ಹತ್ತಕ್ಕೆ ಮೊದಲ ಕಂತು. ನೋಡಿ ಬರೆ. ಬೈದಾದರೂ ಬರೆ.

ತಮ್ಮ


ಡಿಸೆಂಬರ್ 13

ಮರೀ,

ನೋಡಿದೆ. ಸೈಕಲ್ ರಿಪೇರಿಯವರ ಮನೆಯಲ್ಲಿ, ಅವರು, ಅವರ ಹೆಂಡತಿ, ಆರು ವರ್ಷದ ಮೊಮ್ಮಗಳು, ಟೈರಿಗೆ ಗಾಳಿ ಹಾಕಿಸಲು ಬಂದು ಒಳಗೇ ಕೂತುಬಿಟ್ಟ ಇಬ್ಬರು.

ಮೊದಲು ದೂರು. ಜಡೆ ಒಂದು ಕಡೆ ಎಡಕ್ಕಿದೆ, ಒಂದು ಕಡೆ ಬಲಕ್ಕೆ. ಬೆಳಗ್ಗೆಯಿಂದ ಸಂಜೆಯವರೆಗೆ ಅದನ್ನೇ ಬರೆಯುವವರಿಗೆ ಅಷ್ಟೂ ತಿಳಿಯುವುದಿಲ್ಲವೇ? ಕ್ಲಾಸಿನ ಕಪಾಟಿಗೆ ಯಾಕೆ ಗುಲಾಬಿ ಬಣ್ಣ? ಎಲ್ಲರೂ ಯಾಕೆ ಅಷ್ಟು ಗಟ್ಟಿಯಾಗಿ ಮಾತಾಡುತ್ತಾರೆ, ಯಾರಿಗಾದರೂ ಕಿವಿ ಕೇಳಿಸುವುದಿಲ್ಲವೇ?

ಇನ್ನು ಅವಳು. ಓಡಿ ಬಂದಳು, ನಿಲ್ಲಲಿಲ್ಲ, ಹಾರಿದಳು. ಕೂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಕುರ್ಚಿಯ ಕೈ ಹಿಡಿದುಕೊಂಡಿದ್ದೆ, ತಟ್ಟುವುದಕ್ಕೆ ಕೈ ಖಾಲಿ ಇರಲಿಲ್ಲ. ಅವಳು ಹೆದರದೆ ಬಿಟ್ಟಷ್ಟನ್ನೂ ಆ ಹನ್ನೊಂದು ನಿಮಿಷ ನಾನೇ ಹೆದರಿ ಮುಗಿಸಿದೆ. ಅಲ್ಲಿ ಗಾಳಿಯ ಸದ್ದು ಹಾಕಿದ್ದೀರಲ್ಲ, ಅದು ಮಾತ್ರ ಚೆನ್ನಾಗಿದೆ. ಆ ಸದ್ದು ಬರುವಾಗ ಪಕ್ಕದಲ್ಲಿದ್ದ ಆ ಮೊಮ್ಮಗಳು ನನ್ನ ತೋಳು ಹಿಡಿದುಕೊಂಡಳು. ಮುಗಿದ ಮೇಲೂ ಬಿಡಲಿಲ್ಲ.

"ಅತ್ತೆ, ಅವಳಿಗೆ ಭಯ ಆಗಲ್ವಾ?" ಅಂತ ಕೇಳಿದಳು.

ನಾನು ಏನು ಹೇಳಬೇಕಿತ್ತು? ನಿನ್ನ ಚಿಮ್ಮಿಯ ವಿಷಯ, ನಿನ್ನನ್ನೇ ಕೇಳಿ ಹೇಳಬೇಕಿತ್ತು. ಆದರೆ ಮಗು ಮುಖ ನೋಡುತ್ತಾ ನಿಂತಿದೆ, ನೀನು ಅಲ್ಲೆಲ್ಲೋ ಇದ್ದೀಯ. ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಆಗುತ್ತೆ ಪುಟ್ಟಿ. ಹೇಳಲ್ಲ ಅಷ್ಟೆ" ಅಂದೆ. ಅವಳು ಸರಿ ಅಂತ ತೋಳು ಬಿಟ್ಟು ಆಡಲು ಹೋದಳು.

ಅವಾಗಿನಿಂದ ಕೊರೆಯುತ್ತಿದೆ. ತಪ್ಪಾಗಿದ್ದರೆ ಬೇಗ ಬರೆ, ಮಗುವಿಗೆ ತಿದ್ದಿ ಹೇಳುತ್ತೇನೆ.

ಅಕ್ಕ


ಡಿಸೆಂಬರ್ 18

ಅಕ್ಕಾ,

ತಿದ್ದಬೇಡ. ಆಗುತ್ತೆ. ಏಳು ತಿಂಗಳಿಂದ ಹೇಳಿರಲಿಲ್ಲ ಅಷ್ಟೆ.

ತಮ್ಮ